ನಾಣ್ಯದ ಒಪ್ಪದ ಮೀಮಾಂಸೆ

ಅಮೆರಿಕದ ಸರ್ಕಾರಿ ಟಂಕಸಾಲೆಯು 2014ರಲ್ಲಿ, ಕೆನಡಿ ಅರ್ಧ ಡಾಲರಿಗೆ ಐವತ್ತು ವರ್ಷ ತುಂಬಿದ ನಿಮಿತ್ತ, ನಾಲ್ಕು ಬೆಳ್ಳಿಯ ನಾಣ್ಯಗಳನ್ನು ಒಂದೇ ಸಂಪುಟದಲ್ಲಿ ಇರಿಸಿ ಮಾರಿತು. ನಾಲ್ಕರ ಲೋಹ ಒಂದೇ, ಶೇಕಡಾ 90 ಬೆಳ್ಳಿ, ತೂಕ, ವ್ಯಾಸ, ಮುಖಬೆಲೆ ಒಂದೇ, ಬಿಂಬವೂ ಒಂದೇ. ಆದರೂ ನಾಲ್ಕನ್ನು ಒಂದು ದೀಪದ ಕೆಳಗೆ ಸಾಲಾಗಿ ಇಟ್ಟರೆ ಇವು ಒಂದರಂತೆ ಇನ್ನೊಂದಿಲ್ಲವೆಂದು ಬಾಲಕನೂ ಹೇಳುತ್ತಾನೆ. ದ್ರವ್ಯ, ಆಕೃತಿ, ಪರಿಮಾಣಗಳು ಅಭಿನ್ನವಾಗಿರುವಲ್ಲಿ ಈ ಭೇದಬುದ್ಧಿಗೆ ಆಲಂಬನ ಯಾವುದು ಎಂಬುದೇ ಪ್ರಕೃತ ವಿಚಾರದ ವಿಷಯ. ಸಂಗ್ರಾಹಕರ ವ್ಯವಹಾರದಲ್ಲಿ ಅದಕ್ಕೆ ಫಿನಿಶ್ ಎಂದು ಹೆಸರು. ಕನ್ನಡದಲ್ಲಿ ಅಕ್ಕಸಾಲೆಯ ಮಾತೊಂದು ಇದಕ್ಕೆ ಸಿದ್ಧವಾಗಿಯೇ ಇದೆ: ಒಪ್ಪ. ಒಡವೆಗೆ ಒಪ್ಪವಿಡುವುದೆಂದರೆ ಅದರ ತೂಕವನ್ನಾಗಲಿ ಆಕಾರವನ್ನಾಗಲಿ ಮಾರ್ಪಡಿಸುವುದಲ್ಲ. ಅದರ ಮೈ ಬೆಳಕನ್ನು ಎದುರುಗೊಳ್ಳುವ ರೀತಿಯನ್ನು ಮಾರ್ಪಡಿಸುವುದು. ಅರ್ಥವು ಇಷ್ಟು ನಿಖರವಾಗಿ ಹೊಂದುವುದರಿಂದ ಒಪ್ಪವೆಂಬ ಪದವನ್ನೇ ಇಲ್ಲಿ ಪಾರಿಭಾಷಿಕವಾಗಿ ಸ್ವೀಕರಿಸಲಾಗಿದೆ.

ಲಕ್ಷಣವು ಹೀಗಿದೆ: ನಾಣ್ಯವು ಟಂಕಸಾಲೆಯಿಂದ ಹೊರಬೀಳುವುದಕ್ಕೆ ಮುನ್ನ, ಬಿಲ್ಲೆ, ಅಚ್ಚು, ಒತ್ತು, ಉತ್ತರಸಂಸ್ಕಾರ ಇವುಗಳಲ್ಲಿ ಒಂದರಿಂದ ಅಥವಾ ಹಲವರಿಂದ, ಸಂಕಲ್ಪಪೂರ್ವಕವಾಗಿ ಅದರ ಮೈಗೆ ಬಂದ, ಬೆಳಕನ್ನು ಪ್ರತಿಫಲಿಸುವ ನಿಯತವಾದ ಪ್ರಕಾರವೇ ಒಪ್ಪ. ಪದಕೃತ್ಯವನ್ನು ನೋಡಬೇಕು. ‘ಹೊರಬೀಳುವುದಕ್ಕೆ ಮುನ್ನ’ ಎನ್ನದಿದ್ದರೆ, ಮಾರಾಟಗಾರನು ತನ್ನ ಮನೆಯಲ್ಲಿ ಕುಂಚದಿಂದ ಉಜ್ಜಿ ಬರಿಸಿದ ಹೊಳಪಿನಲ್ಲೂ, ದಶಕಗಳ ಕಾಲ ಗಾಳಿಗೆ ತೆರೆದು ಬೆಳ್ಳಿಗೆ ಅಂಟಿದ ನೀಲಿ-ಕಂದು ಬಣ್ಣದಲ್ಲೂ ಅತಿವ್ಯಾಪ್ತಿ ಬರುತ್ತದೆ. ‘ಸಂಕಲ್ಪಪೂರ್ವಕ’ ಎನ್ನದಿದ್ದರೆ, ಆಗತಾನೇ ಉಜ್ಜಿದ ಅಚ್ಚಿನಿಂದ ಆಕಸ್ಮಿಕವಾಗಿ ಕನ್ನಡಿಯಂತೆ ಬಂದ ಚಲಾವಣೆಯ ನಾಣ್ಯವೂ ಬೇರೊಂದು ಒಪ್ಪದ್ದೆಂದು ಆಗಿಬಿಡುತ್ತದೆ. ‘ಉತ್ತರಸಂಸ್ಕಾರ’ ಎಂಬುದನ್ನು ಬಿಟ್ಟರೆ ಅವ್ಯಾಪ್ತಿ: ಅಮೆರಿಕದ 1908ರ ಮತ್ತು 1911ರಿಂದ 1915ರವರೆಗಿನ ಚಿನ್ನದ ಪ್ರೂಫ್, ಅಂದರೆ ವಿಶೇಷ ವಿಧಾನದಿಂದ ಒತ್ತಿದ, ನಾಣ್ಯಗಳ ಮಬ್ಬುಮೈ ಅಚ್ಚಿನಿಂದ ಬಂದದ್ದಲ್ಲ, ಒತ್ತಿದ ಮೇಲೆ ನಾಣ್ಯದ ಮೇಲೆಯೇ ನುಣ್ಣನೆಯ ಮರಳನ್ನು ರಭಸದಿಂದ ಸಿಡಿಸಿ ಬರಿಸಿದ್ದು. ‘ನಿಯತ’ವೆಂಬುದು ಕಲೆ, ಗೀರು, ಬೆರಳಿನ ಗುರುತುಗಳನ್ನು ಹೊರಗಿಡುತ್ತದೆ.

ಈಗ ಮೈಯ ಪ್ರಕಾರಗಳು. ನಾಣ್ಯದ ಮುಖದಲ್ಲಿ ಎರಡು ಪ್ರದೇಶಗಳಿವೆ. ಚಿತ್ರವೂ ಅಕ್ಷರವೂ ಇಲ್ಲದ ಸಪಾಟಾದ ಭಾಗ ಬಯಲು. ಎದ್ದುನಿಂತ ಚಿತ್ರಾಕ್ಷರಗಳು ಉಬ್ಬು. ಈ ಎರಡರಲ್ಲಿಯೂ ಬೆಳಕು ಮೂರು ಬಗೆಯಲ್ಲಿ ವರ್ತಿಸಬಲ್ಲದು. ಬಿದ್ದ ಕಿರಣವೆಲ್ಲ ಒಂದೇ ದಿಕ್ಕಿಗೆ ಹಿಂದಿರುಗಿದರೆ ಅದು ದರ್ಪಣತಲ. ಎದುರಿಟ್ಟ ಅಕ್ಷರ ಅದರೊಳಗೆ ಓದಲು ಬರುತ್ತದೆ. ಕಿರಣವು ಎಲ್ಲ ದಿಕ್ಕುಗಳಿಗೂ ಸಮವಾಗಿ ಚೆದುರಿದರೆ ಅದು ತುಹಿನತಲ. ಹಿಮ ಕವಿದ ಗಾಜಿನಂತೆ ಬಿಳುಪಾಗಿ, ಪ್ರತಿಬಿಂಬವಿಲ್ಲದೆ ಕಾಣುತ್ತದೆ. ಮೂರನೆಯದು ಸೂಕ್ಷ್ಮ. ಒತ್ತಿನ ಬಲಕ್ಕೆ ಲೋಹವು ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಹಾಗೆ ಸಾವಿರಾರು ಸಲ ಹರಿದು ಅಚ್ಚಿನ ಮೈಯಲ್ಲಿ ಕಣ್ಣಿಗೆ ಕಾಣದ ಗೆರೆಗಳನ್ನು ಕೊರೆಯುತ್ತದೆ. ಆ ಗೆರೆಗಳು ಮುಂದಿನ ನಾಣ್ಯಗಳಲ್ಲಿ ಮೂಡುತ್ತವೆ. ಗಾಲಿಯ ಅರಗಳಂತೆ ಹಬ್ಬಿದ ಈ ಗೆರೆಗಳಿಂದಾಗಿ ನಾಣ್ಯವನ್ನು ಓರೆಮಾಡಿ ತಿರುಗಿಸಿದಾಗ ಎರಡು ಬೆಳಕಿನ ಪಟ್ಟೆಗಳು ನಡುವನ್ನು ಕೇಂದ್ರವಾಗಿಸಿಕೊಂಡು ಸುತ್ತುತ್ತವೆ. ಇದು ಚಕ್ರಪ್ರಭೆ. ದರ್ಪಣವು ದಿಕ್ಕನ್ನು ಉಳಿಸಿಕೊಳ್ಳುತ್ತದೆ, ತುಹಿನವು ದಿಕ್ಕನ್ನು ಕಳೆಯುತ್ತದೆ, ಚಕ್ರಪ್ರಭೆಯು ದಿಕ್ಕನ್ನು ನಾಣ್ಯದ ಚಲನೆಗೆ ಅಧೀನಗೊಳಿಸುತ್ತದೆ. ಚಲಾವಣೆಗೆಂದು ಒತ್ತಿದ ಹೊಸ ನಾಣ್ಯದ ಸಹಜ ಮೈ ಈ ಮೂರನೆಯದೇ. ತೊಟ್ಟಿಲಿನಿಂದ ಬಂದ ಹೊಳಪೆಂದರೆ ಇದು. ಕೈಯಿಂದ ಕೈಗೆ ಹೋದಾಗ ಮೊದಲು ಅಳಿಯುವುದೂ ಇದೇ.

ಬಯಲು ದರ್ಪಣ, ಉಬ್ಬು ತುಹಿನವಾದರೆ ಇಂದಿನ ಸಾಮಾನ್ಯ ಪ್ರೂಫ್. ಬಯಲು ತುಹಿನ, ಉಬ್ಬು ದರ್ಪಣವಾದರೆ ವಿಲೋಮ ಪ್ರೂಫ್; ರಿವರ್ಸ್ ಪ್ರೂಫ್ ಎಂದು ರೂಢಿ. ಅಮೆರಿಕದ ಬೆಳ್ಳಿಯ ಈಗಲ್ ನಾಣ್ಯದಲ್ಲಿ ಇದು ಮೊದಲು ಬಂದದ್ದು 2006ರಲ್ಲಿ, ಫಿಲಡೆಲ್ಫಿಯಾದ ‘ಪಿ’ ಗುರುತಿನೊಡನೆ. ಎರಡೂ ದರ್ಪಣವಾದರೆ ಉಜ್ವಲ ಪ್ರೂಫ್. ಅಮೆರಿಕದಲ್ಲಿ 1936ರಿಂದ 1942ರವರೆಗೆ ಅಚ್ಚನ್ನು ಇಡಿಯಾಗಿ, ಉಬ್ಬಿನ ಗುಳಿಗಳನ್ನೂ ಬಿಡದೆ ಉಜ್ಜುತ್ತಿದ್ದುದರಿಂದ ಆ ಕಾಲದವು ಬಹುಪಾಲು ಹೀಗಿವೆ. ಎರಡೂ ತುಹಿನವಾದರೆ ಮ್ಯಾಟ್. ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆಂದು 1902ರಲ್ಲಿ ಬ್ರಿಟನ್ ಹೊರಡಿಸಿದ ಪ್ರೂಫ್ ಸಂಪುಟ ಈ ಜಾತಿಯದು. ಮ್ಯಾಟಿನ ಮಂದರೂಪ ಸ್ಯಾಟಿನ್, ರೇಷ್ಮೆಯೊಪ್ಪ. 2005ರಿಂದ 2010ರವರೆಗಿನ ಅಮೆರಿಕದ ವಾರ್ಷಿಕ ಸಂಪುಟಗಳ ನಾಣ್ಯಗಳಲ್ಲಿ ಇದನ್ನು ಕಾಣಬಹುದು. ತುಹಿನವನ್ನು ಲಘು, ಗುರು ಎಂದು ಮತ್ತೆ ಒಡೆದು, ಅವನ್ನು ದರ್ಪಣದೊಡನೆ ಒಂದೇ ಮುಖದ ಬೇರೆ ಬೇರೆ ಅಂಗಗಳಿಗೆ ಹಂಚಿದರೆ ವರ್ಧಿತ ಒಪ್ಪ. 2013ರಲ್ಲಿ ವೆಸ್ಟ್ ಪಾಯಿಂಟಿನ ಈಗಲ್ ನಾಣ್ಯದಲ್ಲಿ ಬಂದ ಈ ಬಗೆಗೆ ಲೇಸರಿನಿಂದ ಅಚ್ಚಿನ ಮೈಯನ್ನು ಅಂಗುಲದ ಅಂಶಾಂಶಗಳಲ್ಲಿ ಸಂಸ್ಕರಿಸುವ ಕೌಶಲವೇ ಕಾರಣ. ಆಮ್ಲದಿಂದಲೂ ಮರಳಿನಿಂದಲೂ ಅಷ್ಟು ಸೂಕ್ಷ್ಮವಾದ ಗಡಿಗಳನ್ನು ಎಳೆಯಲಾಗದು. ಆರಂಭದಲ್ಲಿ ಹೇಳಿದ ಕೆನಡಿ ಸಂಪುಟದಲ್ಲಿ ಫಿಲಡೆಲ್ಫಿಯಾದ್ದು ಪ್ರೂಫ್, ವೆಸ್ಟ್ ಪಾಯಿಂಟಿನದು ವಿಲೋಮ, ಸ್ಯಾನ್ ಫ್ರಾನ್ಸಿಸ್ಕೋದ್ದು ವರ್ಧಿತ, ಡೆನ್ವರಿನದು ಚಕ್ರಪ್ರಭೆಯ ಚಲಾವಣಾಪೂರ್ವ ನಾಣ್ಯ. ಒಪ್ಪದ ಪಾಠಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಸಿಗುವುದು ಕಷ್ಟ.

ಇಲ್ಲಿ ಪೂರ್ವಪಕ್ಷ: ಇಷ್ಟೊಂದು ವಿಭಾಗವೇಕೆ? ಕನ್ನಡಿಯಂತಿದ್ದರೆ ಪ್ರೂಫ್, ಇಲ್ಲದಿದ್ದರೆ ಅಲ್ಲ ಎಂಬ ಏಕಸೂತ್ರ ಸಾಕು. ಸಾಲದು. ಆ ಸೂತ್ರದಲ್ಲಿ ಎರಡು ದೋಷಗಳೂ ಕೂಡಿಯೇ ಇವೆ. ಮ್ಯಾಟ್ ಪ್ರೂಫಿನಲ್ಲಿ ಕನ್ನಡಿಯ ಲೇಶವೂ ಇಲ್ಲ, ಆದ್ದರಿಂದ ಅವ್ಯಾಪ್ತಿ. ಇನ್ನು 1878ರಿಂದ 1904ರವರೆಗೂ ಮತ್ತೆ 1921ರಲ್ಲೂ ಒತ್ತಿದ ಅಮೆರಿಕದ ಮಾರ್ಗನ್ ಬೆಳ್ಳಿ ಡಾಲರುಗಳಲ್ಲಿ ಹಲವು, ಹೊಸದಾಗಿ ಉಜ್ಜಿದ ಅಚ್ಚಿನಿಂದ ಬಂದುದರಿಂದ, ಆರು ಅಂಗುಲ ದೂರದ ಅಕ್ಷರವನ್ನು ಬಯಲಿನಲ್ಲಿ ಸ್ಪಷ್ಟವಾಗಿ ತೋರಿಸುತ್ತವೆ. ಅವು ಬ್ಯಾಂಕಿನ ಚೀಲಗಳಿಗೆಂದು ಒತ್ತಿದವು, ಪ್ರೂಫಿನ ಸಂಕಲ್ಪ ಅಲ್ಲಿ ಇರಲೇ ಇಲ್ಲ, ಆದ್ದರಿಂದ ಅತಿವ್ಯಾಪ್ತಿ. ಶ್ರೇಣೀಕರಣ ಸಂಸ್ಥೆಗಳು ಅವನ್ನು ಪ್ರೂಫ್‌ಲೈಕ್, ಅಂದರೆ ಪ್ರೂಫಿನ ಸದೃಶ, ಎಂದು ಹೆಸರಿಸಿರುವುದು ಸಾಧುವೇ. ಸಾದೃಶ್ಯವು ಭೇದಗರ್ಭಿತ: ಗೋವಿಗೆ ಸದೃಶವಾದದ್ದು ಗವಯವೇ ಹೊರತು ಗೋವಲ್ಲ.

ಹಾಗಾದರೆ ಪ್ರೂಫಿನ ಪ್ರೂಫ್‌ತ್ವ ಯಾವುದರಲ್ಲಿದೆ? ವಿಧಾನದಲ್ಲಿ. ಆಯ್ದ ಬಿಲ್ಲೆಯನ್ನು ಮೊದಲೇ ಉಜ್ಜಿ, ವಿಶೇಷವಾಗಿ ಸಂಸ್ಕರಿಸಿದ ಅಚ್ಚುಗಳ ನಡುವೆ ಒಂದೊಂದಾಗಿ ಇರಿಸಿ, ನಿಧಾನವಾಗಿ, ಅಧಿಕ ಒತ್ತಡದಲ್ಲಿ, ಸಾಮಾನ್ಯವಾಗಿ ಎರಡು ಅಥವಾ ಹೆಚ್ಚು ಸಲ ಒತ್ತಿ, ಬೇರೊಂದು ನಾಣ್ಯಕ್ಕೆ ತಗುಲದಂತೆ ತೆಗೆಯುವುದು. ದರ್ಪಣವಾಗಲಿ ತುಹಿನವಾಗಲಿ ಆ ವಿಧಾನದ ಕಾರ್ಯ. ಕಾರ್ಯದಿಂದ ಕಾರಣವನ್ನು ಊಹಿಸುವುದು ಯುಕ್ತವಾದರೂ, ಒಂದೇ ಕಾರ್ಯ ಹಲವು ಕಾರಣಗಳಿಂದ ಹುಟ್ಟಬಹುದಾದಲ್ಲಿ ಹೇತು ವ್ಯಭಿಚಾರಿಯಾಗುತ್ತದೆ. ಧೂಮದಿಂದ ಅಗ್ನಿಯನ್ನು ಊಹಿಸುವವನು ಮಂಜನ್ನು ಧೂಮವೆಂದು ಭ್ರಮಿಸದಿರಬೇಕು.

ಎರಡನೆಯ ಶಂಕೆ ಹೆಚ್ಚು ಪ್ರಚಲಿತ, ಹೆಚ್ಚು ಹಾನಿಕರ. ಪ್ರೂಫ್ ಎಂದರೆ ಉತ್ತಮಸ್ಥಿತಿ, ಚಲಾವಣಾಪೂರ್ವ ಎಂದರೆ ಮಧ್ಯಮ, ಬಳಸಿದ್ದು ಅಧಮ. ಹೀಗೆ ಒಂದೇ ಏಣಿಯ ಮೂರು ಮೆಟ್ಟಿಲುಗಳು ಎಂಬುದು. ಇಲ್ಲಿ ಜಾತಿ ಮತ್ತು ಅವಸ್ಥೆಗಳ ಸಂಕರವಾಗಿದೆ. ಅವಸ್ಥೆಯು ಕಾಲಕ್ರಮದಲ್ಲಿ ಬದಲಾಗುತ್ತದೆ, ಜಾತಿ ಬದಲಾಗದು. ಪ್ರೂಫ್ ನಾಣ್ಯವನ್ನು ಸಂಪುಟದಿಂದ ತೆಗೆದು ಅಂಗಡಿಯಲ್ಲಿ ಖರ್ಚುಮಾಡಿದರೆ, ಸವೆದರೆ, ಅದು ಸವೆದ ಪ್ರೂಫ್ ಆಗುತ್ತದೆಯೇ ಹೊರತು ಚಲಾವಣೆಯ ನಾಣ್ಯವಾಗದು. ನಾಣ್ಯದ ಸ್ಥಿತಿಯನ್ನು ಅಳೆಯುವ, 1ರಿಂದ 70ರವರೆಗಿನ ಶೆಲ್ಡನ್ ಮಾನದಲ್ಲಿ ಪ್ರೂಫಿಗೂ ಚಲಾವಣೆಯ ನಾಣ್ಯಕ್ಕೂ ಬೇರೆ ಬೇರೆ ಪೂರ್ವಾಕ್ಷರಗಳನ್ನಿಟ್ಟು, ಅದರ ಮುಂದೆ ಅಂಕೆ ಬರೆಯುವುದು ಇದಕ್ಕಾಗಿಯೇ: ಅಕ್ಷರವು ಜಾತಿಯನ್ನು, ಅಂಕೆಯು ಅವಸ್ಥೆಯನ್ನು ಹೇಳುತ್ತದೆ. 60ಕ್ಕಿಂತ ಕೆಳಗಿನ, ಅಂದರೆ ಸವೆತವನ್ನು ಹೇಳುವ, ಅಂಕೆ ಪಡೆದ ಪ್ರೂಫುಗಳು ಇವೆ. ಮುದುಕನಾದ ಮಾತ್ರಕ್ಕೆ ಬ್ರಾಹ್ಮಣನು ಕ್ಷತ್ರಿಯನಾಗುವುದಿಲ್ಲವೆಂದು ಹಿಂದಿನ ಶಾಸ್ತ್ರಕಾರರು ಹೇಳಬಹುದಾಗಿದ್ದ ಮಾತು ಇಲ್ಲಿ ಲೋಹಕ್ಕೆ ಸಲ್ಲುತ್ತದೆ.

ಇದಕ್ಕೆ ಹೊಂದಿದಂತೆ ಮತ್ತೊಂದು ವಿವೇಕ ಬೇಕು. ಜಾತಿಭೇದ ಬೇರೆ, ತಾರತಮ್ಯ ಬೇರೆ. ಅಮೆರಿಕದ 1950ರಿಂದ 1970ರ ಸುಮಾರಿನ ಪ್ರೂಫುಗಳಲ್ಲಿ ಅಚ್ಚಿನ ಗುಳಿಗಳಿಗೆ ಕೊಟ್ಟ ತುಹಿನವು ಬೇಗ ಸವೆಯುತ್ತಿತ್ತು. ಹೊಸ ಅಚ್ಚಿನಿಂದ ಬಂದ ಮೊದಲ ನಾಣ್ಯಗಳಲ್ಲಿ ಉಬ್ಬು ಹಾಲಿನಂತೆ ಬೆಳ್ಳಗೆ, ಬಯಲು ಕಪ್ಪುಗನ್ನಡಿಯಂತೆ. ಅನಂತರದವುಗಳಲ್ಲಿ ಆ ವೈದೃಶ್ಯ ಕ್ರಮೇಣ ಕುಂದಿ, ಕೊನೆಗೆ ಎಲ್ಲವೂ ಒಂದೇ ಹೊಳಪು. ಡೀಪ್ ಕ್ಯಾಮಿಯೋ, ಕ್ಯಾಮಿಯೋ, ಬರಿಯ ಪ್ರೂಫ್ ಎಂಬ ಮೂರು ಹೆಸರುಗಳು ಈ ಒಂದೇ ಸಂತಾನದ ಆದಿ, ಮಧ್ಯ, ಅಂತ್ಯಗಳಿಗೆ ಸಂದವು. ಬೆಲೆಯಲ್ಲಿ ಅಪಾರ ಅಂತರವಿರಬಹುದು, ಆದರೆ ಸಂಕಲ್ಪ ಒಂದೇ, ವಿಧಾನ ಒಂದೇ. 1936ರಿಂದ 1942ರವುಗಳಲ್ಲಿ ಉಬ್ಬೂ ಹೊಳೆಯುವುದು ಅಚ್ಚನ್ನು ಇಡಿಯಾಗಿ ಉಜ್ಜಿದ್ದರಿಂದ, 1950ರ ದಶಕದ್ದರಲ್ಲಿ ಅಚ್ಚು ದಣಿದದ್ದರಿಂದ. ನೋಟಕ್ಕೆ ಎರಡೂ ಒಂದೇ ಆದರೂ ಮೊದಲನೆಯದು ಜಾತಿ, ಎರಡನೆಯದು ತಾರತಮ್ಯದ ಕೊನೆ. ಅಚ್ಚಿಗೆ ಕ್ರೋಮಿಯಂ ಲೇಪಿಸುವ ಪದ್ಧತಿ ಬಂದ ಮೇಲೆ ತುಹಿನವು ಬಾಳತೊಡಗಿ, ಒಂದು ಕಾಲಕ್ಕೆ ಅಪೂರ್ವವಾಗಿದ್ದ ವೈದೃಶ್ಯ ಈಗ ಪ್ರತಿ ಪ್ರೂಫಿನ ನಿಯಮವಾಗಿದೆ.

ಮೂರನೆಯ ಪೂರ್ವಪಕ್ಷವು ಶಬ್ದಪ್ರಮಾಣವಾದಿಯದು. ಟಂಕಸಾಲೆಯೇ ಆಪ್ತ, ಸಂಪುಟದ ಮೇಲೆ ಅದು ಏನೆಂದು ಬರೆದಿದೆಯೋ ಅದೇ ಒಪ್ಪ, ದೀಪ, ಭೂತಗನ್ನಡಿಗಳ ಶ್ರಮ ಏಕೆ? ಉತ್ತರ: ಟಂಕಸಾಲೆಗಳ ಶಬ್ದಗಳಿಗೆ ಒಂದೇ ಪ್ರವೃತ್ತಿನಿಮಿತ್ತವಿಲ್ಲ. ಇಂಗ್ಲಿಷಿನ ಪ್ರೂಫ್ ಎಂಬುದು ಪ್ರಯೋಜನವನ್ನು ಹಿಡಿದು ಹೊರಟ ಪದ. ಅಚ್ಚಿನ ಕೆಲಸ ಸರಿಯಾಗಿದೆಯೇ ಎಂದು ಪರೀಕ್ಷಿಸಲು ತೆಗೆದ ಮಾದರಿ ಎಂಬುದು ಅದರ ಯೋಗಾರ್ಥ. ಈಗ ಪರೀಕ್ಷೆಯ ಗಂಧವೂ ಉಳಿದಿಲ್ಲ, ಪಂಕಜಪದದಂತೆ ರೂಢಿಯೇ ಬಲಿಷ್ಠವಾಗಿದೆ. ಜರ್ಮನರು ಅದೇ ವಸ್ತುವನ್ನು ಷ್ಪೀಗೆಲ್‌ಗ್ಲಾನ್ಸ್, ಕನ್ನಡಿಯ ಹೊಳಪು, ಎನ್ನುತ್ತಾರೆ. ಅಲ್ಲಿ ಫಲವೇ ನಿಮಿತ್ತ. ಚಲಾವಣಾಪೂರ್ವ ನಾಣ್ಯವನ್ನು ಅವರು ಷ್ಟೆಂಪೆಲ್‌ಗ್ಲಾನ್ಸ್, ಅಚ್ಚಿನ ಹೊಳಪು, ಎಂದು ಕರೆದು ಭೇದವನ್ನು ಪದದಲ್ಲಿಯೇ ನಿಲ್ಲಿಸಿರುವುದು ಶ್ಲಾಘ್ಯ. ಫ್ರೆಂಚರ ಫ್ಲಾಂ ಬ್ರೂನಿ ಎಂದರೆ ಒಪ್ಪವಿಟ್ಟ ಬಿಲ್ಲೆ. ಅಲ್ಲಿ ಉಪಾದಾನವೇ ನಿಮಿತ್ತ. ಆದರೆ ಅದೇ ಅರ್ಥದ ಇಂಗ್ಲಿಷ್ ಪದ ಬರ್ನಿಶ್ಡ್ ಎಂಬುದನ್ನು ಅಮೆರಿಕದ ಸಂಗ್ರಾಹಕರು 2006ರಿಂದ ವೆಸ್ಟ್ ಪಾಯಿಂಟಿನ ‘ಡಬ್ಲ್ಯೂ’ ಗುರುತಿನೊಡನೆ ಬರುವ ಈಗಲ್ ನಾಣ್ಯಗಳಿಗೆ ಹೇಳುತ್ತಾರೆ, ಅವು ಪ್ರೂಫುಗಳೇ ಅಲ್ಲ! ಟಂಕಸಾಲೆ ಅವನ್ನು ಅನ್‌ಸರ್ಕ್ಯುಲೇಟೆಡ್ ಎಂದಷ್ಟೇ ಮಾರುತ್ತದೆ. ಪ್ಯಾರಿಸಿನಲ್ಲಿ ಪ್ರೂಫನ್ನು ಬೋಧಿಸುವ ಅರ್ಥವು ಅಟ್ಲಾಂಟಿಕ್ ದಾಟಿದೊಡನೆ ಪ್ರೂಫಲ್ಲದ್ದನ್ನು ಬೋಧಿಸುತ್ತದೆ. ಪದವನ್ನು ಪದಕ್ಕೆ ಸೇರಿಸಿ ಅನುವಾದಿಸುವ ಖರೀದಿದಾರನು ಇಲ್ಲಿ ಎಡವುತ್ತಾನೆ.

ಅಲ್ಲದೆ ಆಪ್ತವಾಕ್ಯವೂ ಕೆಲವೊಮ್ಮೆ ಮೌನ. 1994 ಮತ್ತು 1997ರ ಅಮೆರಿಕದ ಜೆಫರ್ಸನ್ ಐದು ಸೆಂಟುಗಳು, ಒಂದು ಸ್ಮಾರಕ ಬೆಳ್ಳಿಯ ಡಾಲರು ಹಾಗೂ ಒಂದು ಕಾಗದದ ನೋಟಿನೊಡನೆ ವಿಶೇಷ ಸಂಪುಟಗಳಲ್ಲಿ ಬಂದಾಗ, ಅವುಗಳ ಮೈ ಮರಳು ಸಿಡಿಸಿದಂತೆ ಮಬ್ಬಾಗಿತ್ತು. 1997ರ ಸಂಪುಟದ ಮಿತಿ 25,000 ಮಾತ್ರ. ಸಂಪುಟವನ್ನು ಡಾಲರಿಗಾಗಿ ಕೊಂಡು ಐದು ಸೆಂಟನ್ನು ಗಮನಿಸದವನಿಗೆ ಶಬ್ದಪ್ರಮಾಣ ನೆರವಾಗಲಿಲ್ಲ, ಕಣ್ಣಿದ್ದವನಿಗೆ ಪ್ರತ್ಯಕ್ಷ ನೆರವಾಯಿತು. ಮೇಲಾಗಿ ಸಂಪುಟ ಬೇರೆ, ನಾಣ್ಯ ಬೇರೆ. ಪೆಟ್ಟಿಗೆಯೊಳಗಿನದನ್ನು ಬದಲಿಸಲು ಬರುತ್ತದೆ, ಪೆಟ್ಟಿಗೆಯ ಅಕ್ಷರ ಹಾಗೆಯೇ ಇರುತ್ತದೆ.

ಗಡಿಯಲ್ಲಿ ನಿಂತ ಒಂದು ವರ್ಗವನ್ನು ಇಲ್ಲಿ ಹೇಳದೆ ಮುಂದುವರಿಯಲಾಗದು. ಚಿಲ್ಲರೆಯ ಅಭಾವದಿಂದ ಅಮೆರಿಕವು 1965, 1966, 1967ರಲ್ಲಿ ಪ್ರೂಫ್ ಸಂಪುಟಗಳನ್ನು ನಿಲ್ಲಿಸಿ, ಸ್ಪೆಷಲ್ ಮಿಂಟ್ ಸೆಟ್ ಎಂಬ ಹೆಸರಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒತ್ತಿದ, ಟಂಕಸಾಲೆಯ ಗುರುತಿಲ್ಲದ ನಾಣ್ಯಗಳನ್ನು ಮಾರಿತು. ಕೆಲವುಗಳ ಮೈ ರೇಷ್ಮೆ, ಕೆಲವುಗಳದು ಕನ್ನಡಿಯ ಹತ್ತಿರ. ಇವು ಪ್ರೂಫೆಂದರೆ ವಿಧಾನ ಪೂರ್ಣವಾಗಿಲ್ಲ. ಚಲಾವಣಾಪೂರ್ವವೆಂದರೆ ವಿಧಾನ ಅದಕ್ಕಿಂತ ಹೆಚ್ಚು. ಎರಡರ ನಡುವೆ ಸಂಶಯವಿರುವುದರಿಂದ ಎರಡೂ ಜಾತಿಗಳೇ ಇಲ್ಲವೆಂದು ಹೇಳುವವನು ಸಂಧ್ಯೆಯನ್ನು ತೋರಿಸಿ ಹಗಲು-ಇರುಳುಗಳನ್ನು ನಿರಾಕರಿಸಿದಂತೆ. ತೃತೀಯ ಕೋಟಿಯನ್ನು ಅಂಗೀಕರಿಸುವುದೇ ಲಾಘವ. ಕೆನಡಾದ ಟಂಕಸಾಲೆಯು ಪ್ರೂಫ್, ಸ್ಪೆಸಿಮೆನ್, ಬ್ರಿಲಿಯಂಟ್ ಅನ್‌ಸರ್ಕ್ಯುಲೇಟೆಡ್ ಎಂದು ಮೂರನ್ನೂ ಬೇರೆ ಹೆಸರಿನಲ್ಲಿ ಇಟ್ಟುಕೊಂಡಿರುವುದು ಈ ಲಾಘವಕ್ಕೆ ಉಪೋದ್ಬಲಕ.

ನಾಲ್ಕನೆಯ ಆಕ್ಷೇಪ ಬಲವತ್ತರ. ಕಣ್ಣಿಗೆ ಕಾಣದ ಭೇದವನ್ನು ಒಪ್ಪದ ಭೇದವೆನ್ನುವುದು ಸ್ವವಚನವ್ಯಾಘಾತ. ಏಕೆಂದರೆ ಒಪ್ಪವೆಂದರೆ ಬೆಳಕಿನ ಪ್ರಕಾರವೆಂದು ಲಕ್ಷಣದಲ್ಲೇ ಹೇಳಿದೆ. ಈಗಲಿನ ಸಾಮಾನ್ಯ ಬೆಳ್ಳಿಗಟ್ಟಿ ನಾಣ್ಯವನ್ನೂ ಬರ್ನಿಶ್ಡ್ ನಾಣ್ಯವನ್ನೂ ಬೇರ್ಪಡಿಸುವುದು ಬಹುಮಟ್ಟಿಗೆ ‘ಡಬ್ಲ್ಯೂ’ ಎಂಬ ಒಂದಕ್ಷರ. ಅಕ್ಷರವು ಉಬ್ಬಿನ ಭಾಗ, ಒಪ್ಪವಲ್ಲ. ಸಮಾಧಾನ: ಲಕ್ಷಣವು ದ್ವಿವಿಧ, ಸ್ವರೂಪಲಕ್ಷಣ ಮತ್ತು ತಟಸ್ಥಲಕ್ಷಣ. ಕಾಗೆ ಕೂತಿರುವುದೇ ದೇವದತ್ತನ ಮನೆ ಎಂದಾಗ ಕಾಗೆಯು ಮನೆಯ ಭಾಗವಲ್ಲ, ಆದರೂ ಮನೆಯನ್ನು ಗುರುತಿಸುತ್ತದೆ. ‘ಡಬ್ಲ್ಯೂ’ ಎಂಬುದು ಆ ಕಾಗೆ. ಉಜ್ಜಿದ ಬಿಲ್ಲೆಯಿಂದ ಬಂದ ಸ್ವಲ್ಪ ಮೃದುವಾದ ಮೈ ಸ್ವರೂಪ. ಅದು ಇದೆ, ಎರಡನ್ನೂ ಒಟ್ಟಿಗೆ ಹಿಡಿದರೆ ಅಭ್ಯಾಸವಿರುವ ಕಣ್ಣಿಗೆ ಕಾಣುತ್ತದೆ, ಒಂದನ್ನೇ ಹಿಡಿದಾಗ ನಿರ್ಣಯಕ್ಕೆ ಸಾಲದು. ಕಾಣುವುದು ಕಷ್ಟವೆಂಬುದಕ್ಕೂ ಇಲ್ಲವೆಂಬುದಕ್ಕೂ ಅಂತರವಿದೆ.

ತಟಸ್ಥಲಕ್ಷಣಕ್ಕೆ ಭಾರತೀಯ ನಾಣ್ಯಗಳಲ್ಲಿಯೂ ನಿದರ್ಶನವಿದೆ. ಮುಂಬಯಿ ಟಂಕಸಾಲೆಯ ಚಲಾವಣೆಯ ನಾಣ್ಯಗಳಲ್ಲಿ ವರ್ಷದ ಕೆಳಗೆ ವಜ್ರಾಕೃತಿ. ಅದರ ಪ್ರೂಫುಗಳಲ್ಲಿ ‘ಎಂ’, ಊರಿಗೆ ಬಾಂಬೆ ಎಂಬ ಹೆಸರಿದ್ದಾಗ ‘ಬಿ’. 1969ರ ಗಾಂಧಿ ಶತಮಾನೋತ್ಸವದ ನಾಣ್ಯಗಳಿಂದ ಮೊದಲ್ಗೊಂಡು ಸಂಗ್ರಾಹಕರು ಈ ಅಕ್ಷರವನ್ನು ಹುಡುಕುತ್ತಾರೆ. ಆದರೆ ಕಾಗೆ ಹಾರಿಹೋಗಬಹುದು: ಕೊಲ್ಕತ್ತ ಟಂಕಸಾಲೆಗೆ ಗುರುತೇ ಇಲ್ಲ, ಅಲ್ಲಿನ ಪ್ರೂಫನ್ನು ಮೈಯಿಂದಲೇ ಅರಿಯಬೇಕು. 2006ರಲ್ಲಿ ಬಸವೇಶ್ವರರ ಸ್ಮರಣಾರ್ಥ ಬಂದ ಐದು ರೂಪಾಯಿಯ ನಾಣ್ಯ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಡಬ್ಬಿಗಳಲ್ಲಿ ಕೂತಿದೆ. ನೂರು ರೂಪಾಯಿಯದು ಸಂಗ್ರಾಹಕರಿಗಷ್ಟೇ. ಡಬ್ಬಿಯ ಐದು ರೂಪಾಯಿ ಎಷ್ಟೇ ಹೊಳೆಯಲಿ, ಅದು ಚಲಾವಣೆಯ ಜಾತಿಯದು; ಹೊಳಪನ್ನು ನೋಡಿ ಪ್ರೂಫಿನ ಬೆಲೆ ಕೊಡುವುದು ಸಲ್ಲದು.

ಪರೀಕ್ಷೆಯ ಇತಿಕರ್ತವ್ಯತೆ ಸಂಕ್ಷೇಪದಲ್ಲಿ: ಬಿಂದುವಿನಂತೆ ಒಂದೇ ಕಡೆಯಿಂದ ಬೀಳುವ ದೀಪ ಬೇಕು, ಕೊಳವೆದೀಪದ ಹರಡಿದ ಬೆಳಕು ತುಹಿನ-ದರ್ಪಣಗಳ ಅಂತರವನ್ನು ಮರೆಮಾಡುತ್ತದೆ. ಅಂಚನ್ನು ಮಾತ್ರ ಹಿಡಿಯಬೇಕು. ಮೊದಲು ತಿರುಗಿಸಿ ಚಕ್ರಪ್ರಭೆ ಇದೆಯೇ ನೋಡಬೇಕು. ಇದ್ದರೆ ಪ್ರೂಫಿನ ವಿಚಾರ ಬಹುಪಾಲು ಅಲ್ಲಿಗೇ ನಿಲ್ಲುತ್ತದೆ. ಅನಂತರ ಭೂತಗನ್ನಡಿಯಲ್ಲಿ ಕಟ್ಟಿನ, ಅಂದರೆ ಅಂಚಿನ ಸುತ್ತ ಎದ್ದುನಿಂತ ಪಟ್ಟಿಯ, ಮೂಲೆಗಳು. ಲಿಂಕನ್ ಸೆಂಟಿನ 1909ರಿಂದ 1916ರವರೆಗಿನ ಮ್ಯಾಟ್ ಪ್ರೂಫುಗಳನ್ನು ಮಬ್ಬಾದ ಸಾಮಾನ್ಯ ಸೆಂಟಿನಿಂದ ಬೇರ್ಪಡಿಸುವಾಗ ಬಣ್ಣವಾಗಲಿ ಹೊಳಪಾಗಲಿ ಏನೂ ಹೇಳುವುದಿಲ್ಲ. ಅಗಲವಾಗಿ, ಚೌಕವಾಗಿ, ಚೂಪಾಗಿ ನಿಂತ ಕಟ್ಟು ಮತ್ತು ಅದರ ಒಳಮೂಲೆಯ ತೀಕ್ಷ್ಣತೆಯೇ ಹೇಳುತ್ತದೆ. ಅಧಿಕ ಒತ್ತಡದ ಸಾಕ್ಷಿ ಅಲ್ಲಿದೆ. ಒಪ್ಪವನ್ನು ಮೈಯಲ್ಲಿ ಹುಡುಕಲು ಹೊರಟವನು ಅಂಚಿನಲ್ಲಿ ಕಂಡುಕೊಳ್ಳುತ್ತಾನೆ.

ಐದನೆಯ ಶಂಕೆ ಕೃತ್ರಿಮವನ್ನು ಕುರಿತದ್ದು. ತಂತಿಕುಂಚದ ಯಂತ್ರದಿಂದ ಉಜ್ಜಿ ಚಕ್ರಪ್ರಭೆಯನ್ನೇ ಅನುಕರಿಸಿದರೆ, ಮರಳು ಸಿಡಿಸಿ ಮ್ಯಾಟನ್ನೇ ತಂದರೆ, ಬೆಳಕಿನ ಪ್ರಕಾರ ಅಭಿನ್ನವಾದಾಗ ಒಪ್ಪವೂ ಅಭಿನ್ನವಲ್ಲವೇ? ಅಲ್ಲ. ‘ಹೊರಬೀಳುವುದಕ್ಕೆ ಮುನ್ನ’ ಎಂಬ ವಿಶೇಷಣ ಇದಕ್ಕಾಗಿಯೇ ಇದೆ. ಅಲ್ಲದೆ ಪ್ರಕಾರವೂ ಅಭಿನ್ನವಲ್ಲ. ಒತ್ತಿನಿಂದ ಹುಟ್ಟಿದ ಹರಿವಿನ ಗೆರೆಗಳು ಲೋಹದ ಜೊತೆಗೇ ಹುಟ್ಟಿದವು, ಅಕ್ಷರದ ಬುಡದವರೆಗೂ ಅವಿಚ್ಛಿನ್ನ. ಕುಂಚದ ಗೆರೆಗಳು ಲೋಹವನ್ನು ತಳ್ಳಿ ಅಕ್ಷರದ ಪಕ್ಕದಲ್ಲಿ ಸಣ್ಣ ದಿಂಡಾಗಿ ಒಟ್ಟುತ್ತವೆ, ಮತ್ತು ಕುಂಚ ಮುಟ್ಟದ ಸಂದುಗಳಲ್ಲಿ ನಿಲ್ಲುತ್ತವೆ.

ಇನ್ನುಳಿದದ್ದು ಅನಿರ್ಣೀತಸ್ಥಲ. 1921ರ ಮಾರ್ಗನ್ ಡಾಲರಿನಲ್ಲಿ ಫರಾನ್ ಝರ್ಬ್ ಎಂಬ ನಾಣ್ಯಶಾಸ್ತ್ರಜ್ಞನ ಹೆಸರಿನಿಂದ ಕರೆಯುವ ‘ಪ್ರೂಫು’ಗಳಿವೆ. ಅದೇ ವರ್ಷದ, ಆಳವಾದ ಕನ್ನಡಿಯುಳ್ಳ, ಚಾಪ್‌ಮನ್ ಎಂಬವನ ಹೆಸರಿನಿಂದ ಕರೆಯುವ ಪ್ರೂಫುಗಳ ವಿಷಯದಲ್ಲಿ ವಿವಾದವಿಲ್ಲ. ಝರ್ಬ್‌ನವುಗಳಲ್ಲಿ ಕನ್ನಡಿ ಮಂದ, ಒತ್ತು ಚಲಾವಣೆಯದ್ದನ್ನು ಹೋಲುತ್ತದೆ. ಅವು ಪ್ರೂಫೋ ಪ್ರೂಫ್‌ಲೈಕೋ ಎಂದು ವಿದ್ವಾಂಸರಲ್ಲಿ ಏಕಮತವಿಲ್ಲ. ಇಲ್ಲಿ ಲಕ್ಷಣದ ಯಾವ ಅಂಶ ಪ್ರಬಲವೆಂದು ಕೇಳಬೇಕು. ಮೈಯ ಪ್ರಕಾರವು ಉಭಯಸಾಧಾರಣ, ಆದ್ದರಿಂದ ನಿರ್ಣಾಯಕವಲ್ಲ. ಉಳಿದದ್ದು ಸಂಕಲ್ಪ, ಅದು ಲೋಹದಲ್ಲಿಲ್ಲ, ಟಂಕಸಾಲೆಯ ದಾಖಲೆಯಲ್ಲಿ ಮಾತ್ರ ಇರಬಲ್ಲದು. ದಾಖಲೆಯು ಸ್ಪಷ್ಟವಾಗುವವರೆಗೆ, ಅಂಥ ನಾಣ್ಯವನ್ನು ಕೊಳ್ಳುವವನು ಪ್ರೂಫ್‌ಲೈಕಿನ ಬೆಲೆಯನ್ನೇ ಕೊಡತಕ್ಕದ್ದು. ಮಾರುವವನು ಪ್ರೂಫೆಂಬ ಪದದ ಪಕ್ಕದಲ್ಲಿ ಸಂಶಯವನ್ನೂ ಬರೆಯತಕ್ಕದ್ದು.